ದಶಪಥದ ವೇಗಕ್ಕೆ ಸಿಕ್ಕ ಮೈಸೂರಿನ ರುಚಿ

ಮೈಸೂರು: ಬೆಂಗಳೂರಿನಿಂದ ಮೈಸೂರಿಗೆ ಬರುವವರು ಕೇಳುವ ಮೊದಲ ಪ್ರಶ್ನೆ ಅರಮನೆ ಎಷ್ಟು ಗಂಟೆಗೆ ತೆರೆಯುತ್ತದೆ ಎಂಬುದಾದರೆ, ಎರಡನೆಯದು ತಿಂಡಿ ಎಲ್ಲಿ ಚೆನ್ನಾಗಿರುತ್ತದೆ ಎಂಬುದು. ಎರಡನೆಯ ಪ್ರಶ್ನೆಗೆ ಊರಿನವರು ಕೊಡುವ ಉತ್ತರ ಹಲವು ವರ್ಷಗಳಿಂದ ಹೆಚ್ಚು ಬದಲಾಗಿಲ್ಲ. ದೋಸೆಗೆ ನಜರ್‌ಬಾದಿನ ಮೈಲಾರಿ ಅಥವಾ ಚಾಮುಂಡಿಪುರಂ ಕಡೆಯ ಜಿಟಿಆರ್, ಮಾಂಸಾಹಾರಿಗಳಿಗೆ ಮಂಡಿ ಮೊಹಲ್ಲಾದ ಹನುಮಂತು ಹೋಟೆಲಿನ ಪಲಾವ್, ಸಿಹಿಗೆ ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ಸ್, ಸಂಜೆ ಅರಮನೆಯ ಸುತ್ತ ಅಡ್ಡಾಡುವಾಗ ಒಂದು ಪೊಟ್ಟಣ ಚುರುಮುರಿ. ಬದಲಾಗಿರುವುದು ಪ್ರಶ್ನೆ ಕೇಳುವವರ ಕೈಯಲ್ಲಿರುವ ಸಮಯ. ಆ ಬದಲಾವಣೆಯ ಬೆಲೆಯನ್ನು ತೆರುತ್ತಿರುವವರು ಮೈಸೂರಿನ ಹೋಟೆಲಿನವರು ಮಾತ್ರವಲ್ಲ, ಮೈಸೂರಿಗೆ ಬರುವ ದಾರಿಯುದ್ದಕ್ಕೂ ಒಲೆ ಹೂಡಿಕೊಂಡಿದ್ದವರು ಕೂಡ.

2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿ ಅವರು ಮಂಡ್ಯ ಜಿಲ್ಲೆಯಲ್ಲಿ ಬೆಂಗಳೂರು-ಮೈಸೂರು ದಶಪಥವನ್ನು ಉದ್ಘಾಟಿಸಿದರು. ಸುಮಾರು 118 ಕಿ.ಮೀ. ಉದ್ದದ ಈ ಹೆದ್ದಾರಿಯಲ್ಲಿ ನಡುವೆ ಆರು ಪಥಗಳ ಮುಖ್ಯ ರಸ್ತೆ, ಎರಡೂ ಬದಿಗಳಲ್ಲಿ ತಲಾ ಎರಡು ಪಥಗಳ ಸರ್ವಿಸ್ ರಸ್ತೆ ಇದೆ. ಮೂರು ಗಂಟೆಯ ಪ್ರಯಾಣ ಒಂದೂವರೆ ಗಂಟೆಗೆ ಇಳಿಯಿತು ಎಂದು ಸರ್ಕಾರ ಹೆಮ್ಮೆಪಟ್ಟಿತು. ಅದು ಬಹುಮಟ್ಟಿಗೆ ನಿಜವೂ ಹೌದು. ಆದರೆ ಈ ಉಳಿತಾಯ ಸಾಧ್ಯವಾದದ್ದು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬೈಪಾಸ್ ಮೂಲಕ ದಾಟಿಹೋಗುವುದರಿಂದ ಎಂಬುದನ್ನು ಮರೆಯುವಂತಿಲ್ಲ. ಈ ಆರೂ ಊರುಗಳ ರಸ್ತೆಬದಿಯ ವ್ಯಾಪಾರ ನಿಂತಿದ್ದುದು, ಪ್ರಯಾಣಿಕನು ಇಷ್ಟವಿದ್ದರೂ ಇಲ್ಲದಿದ್ದರೂ ತಮ್ಮ ಬಾಗಿಲ ಮುಂದೆ ಹಾದು ಹೋಗಲೇಬೇಕು ಎಂಬ ಒಂದೇ ಸಂಗತಿಯ ಮೇಲೆ.

ನಿಲುಗಡೆಯಿಂದ ಹುಟ್ಟಿದ ತಿನಿಸು

ಮದ್ದೂರು ವಡೆಯ ಕಥೆಯನ್ನೇ ತೆಗೆದುಕೊಳ್ಳಬಹುದು. ಹೆಸರಿನಲ್ಲಿ ವಡೆ ಇದ್ದರೂ ಇದಕ್ಕೆ ಉದ್ದು, ಕಡಲೆಬೇಳೆ ರುಬ್ಬುವ ಗೋಜಿಲ್ಲ. ಅಕ್ಕಿಹಿಟ್ಟು, ರವೆ, ಮೈದಾಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಕಲಸಿ, ಅಂಗೈಯಗಲ ತಟ್ಟಿ, ಗರಿಗರಿಯಾಗಿ ಕರಿದರೆ ಆಯಿತು. 1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯ ಎಂಬುವರು ಇದನ್ನು ಮೊದಲು ಮಾಡಿ ಮಾರಿದರೆಂಬುದು ಪ್ರಚಲಿತ ಇತಿಹಾಸ. ಉಗಿಬಂಡಿಗಳು ಅಲ್ಲಿ ನೀರು ತುಂಬಿಸಿಕೊಳ್ಳಲು ನಿಲ್ಲುತ್ತಿದ್ದವು. ಒಂದು ದಿನ ಗಾಡಿ ಬರುವ ಹೊತ್ತಿಗೆ ಪಕೋಡ ಸಿದ್ಧವಾಗುವಂತಿರಲಿಲ್ಲ, ಅದೇ ಹಿಟ್ಟನ್ನು ತಟ್ಟಿ ಬೇಗ ಕರಿದು ಕೊಟ್ಟರು ಎನ್ನುತ್ತಾರೆ. ಕಥೆಯ ವಿವರಗಳು ಹೇಳುವವರಿಂದ ಹೇಳುವವರಿಗೆ ಬದಲಾಗುತ್ತವೆ. ಆದರೆ ಎಲ್ಲರ ಕಥೆಯಲ್ಲೂ ಗಾಡಿ ಮದ್ದೂರಿನಲ್ಲಿ ನಿಲ್ಲುತ್ತದೆ.

ಈಗ ನಿಲ್ಲುವವರು ಕಡಿಮೆ. 2022ರ ನವೆಂಬರಿನಲ್ಲಿ ಆರಂಭವಾದ ಚೆನ್ನೈ-ಮೈಸೂರು ವಂದೇ ಭಾರತ್ ರೈಲು ಮದ್ದೂರನ್ನು ತಿರುಗಿಯೂ ನೋಡದೆ ಓಡುತ್ತದೆ. ಮರುವರ್ಷ ರಸ್ತೆಯೂ ಊರಿನ ಹೊರಗಿನಿಂದ ಹೊರಟಿತು. ಬಿಡದಿಯ ತಟ್ಟೆ ಇಡ್ಲಿಯದೂ ಇದೇ ಪಾಡು. ಬೆಂಗಳೂರಿನಲ್ಲಿ ಬೆಳಗಿನ ಕಾಫಿ ಕುಡಿದು ಹೊರಟವರಿಗೆ ಹಸಿವಾಗುವ ಹೊತ್ತಿಗೆ ಸರಿಯಾಗಿ ಬಿಡದಿ ಸಿಗುತ್ತಿತ್ತು; ಇಂದು ಅದೇ ಹೊತ್ತಿಗೆ ಕಾರು ಬೈಪಾಸಿನ ಮೇಲಿರುತ್ತದೆ. ರಸ್ತೆ ತೆರೆದ ಕೆಲವೇ ತಿಂಗಳುಗಳಲ್ಲಿ ಚನ್ನಪಟ್ಟಣದ ಬೊಂಬೆ ಅಂಗಡಿಯವರು, ಮದ್ದೂರಿನ ಹೋಟೆಲಿನವರು ವ್ಯಾಪಾರ ಕುಸಿದಿದೆ ಎಂದು ಅಲವತ್ತುಕೊಂಡದ್ದು ಪತ್ರಿಕೆಗಳಲ್ಲಿ ಸಾಲುಸಾಲಾಗಿ ವರದಿಯಾಯಿತು.

ಇದಕ್ಕೆ ಎದುರಾದ ವಾದವೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ರಾಮನಗರ, ಮಂಡ್ಯ ಪೇಟೆಗಳ ಒಳಗೆ ವಾರಾಂತ್ಯದಲ್ಲಿ ಗಂಟೆಗಟ್ಟಲೆ ನಿಲ್ಲುತ್ತಿದ್ದ ವಾಹನಗಳಿಂದ ಆ ಊರುಗಳ ಜನರೇ ಬೇಸತ್ತಿದ್ದರು. ಶಾಲೆಗೆ ಹೋಗುವ ಮಕ್ಕಳು ಹೆದ್ದಾರಿ ದಾಟಬೇಕಿತ್ತು, ಆಂಬುಲೆನ್ಸ್ ಸಿಕ್ಕಿಬೀಳುತ್ತಿತ್ತು. ವಡೆಯಂಗಡಿಗಾಗಿ ಲಾರಿಗಳನ್ನು ಊರೊಳಗೆ ಮತ್ತೆ ಬಿಡಿ ಎಂದು ಯಾರೂ ಕೇಳುತ್ತಿಲ್ಲ.

ಕೇಳಬೇಕಾದ ಪ್ರಶ್ನೆ ಬೇರೆಯಿದೆ. ಹೆದ್ದಾರಿಯಲ್ಲಿ ಶೌಚಾಲಯ, ಹೋಟೆಲ್, ವಿಶ್ರಾಂತಿ ತಾಣಗಳಿಲ್ಲ ಎಂಬ ದೂರು ಉದ್ಘಾಟನೆಯ ದಿನಗಳಿಂದಲೇ ಕೇಳಿಬಂತು. ಅಂಥ ತಾಣಗಳನ್ನು ನಿರ್ಮಿಸುವಾಗ ಅಲ್ಲಿ ಮಳಿಗೆ ಯಾರಿಗೆ ಸಿಗಬೇಕು? ಟೆಂಡರಿನ ಮೊತ್ತವೊಂದೇ ಮಾನದಂಡವಾದರೆ ದೇಶದ ಯಾವ ಹೆದ್ದಾರಿಯಲ್ಲಿ ನಿಂತರೂ ಸಿಗುವ ಅದೇ ಪಿಜ್ಜಾ, ಬರ್ಗರುಗಳೇ ಇಲ್ಲಿಯೂ ಬಂದು ಕೂರುತ್ತವೆ. ನಾಲ್ಕು ಬಾಣಲೆ ಇಟ್ಟುಕೊಂಡು ಸಂಸಾರ ಸಾಗಿಸುವವರು ಆ ಹರಾಜಿನ ಹತ್ತಿರವೂ ಸುಳಿಯಲಾರರು. ರೈಲ್ವೆ ಇಲಾಖೆ 2022ರಲ್ಲಿ ಆರಂಭಿಸಿದ 'ಒಂದು ನಿಲ್ದಾಣ, ಒಂದು ಉತ್ಪನ್ನ' ಯೋಜನೆಯಲ್ಲಿ ಆಯಾ ಊರಿನ ವಿಶೇಷ ವಸ್ತುವಿಗೆ ನಿಲ್ದಾಣದಲ್ಲೇ ಮಳಿಗೆ ಕಲ್ಪಿಸಲಾಗುತ್ತಿದೆ. ರೈಲಿಗೆ ಸಾಧ್ಯವಾದದ್ದು ರಸ್ತೆಗೆ ಏಕೆ ಸಾಧ್ಯವಿಲ್ಲ? ಹೆದ್ದಾರಿ ಪ್ರಾಧಿಕಾರ ಮನಸ್ಸು ಮಾಡಿದರೆ ಪ್ರತಿ ತಾಣದಲ್ಲಿ ಒಂದಿಷ್ಟು ಮಳಿಗೆಗಳನ್ನು ಕಡಿಮೆ ಬಾಡಿಗೆಗೆ ಬಿಡದಿ, ಮದ್ದೂರು, ಚನ್ನಪಟ್ಟಣದವರಿಗೇ ಮೀಸಲಿಡಬಹುದು. ಭೂಮಿ ಕಳೆದುಕೊಂಡವರ ಪರಿಹಾರದ ಲೆಕ್ಕ ಹಾಕಿದ ಯೋಜನೆ ಗಿರಾಕಿ ಕಳೆದುಕೊಂಡವರನ್ನು ಲೆಕ್ಕಕ್ಕೇ ತೆಗೆದುಕೊಂಡಂತಿಲ್ಲ.

ಅರ್ಧ ದಿನದ ಅತಿಥಿ

ಇನ್ನು ಮೈಸೂರಿನ ಮಾತು. ರಸ್ತೆ ಚುರುಕಾದ ಮೇಲೆ ನಗರಕ್ಕೆ ಬರುವವರು ಹೆಚ್ಚಿದ್ದಾರೆ, ಉಳಿದುಕೊಳ್ಳುವ ಅಗತ್ಯ ಮಾತ್ರ ಕಡಿಮೆಯಾಗಿದೆ. ಬೆಳಿಗ್ಗೆ ಬಂದು, ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ ಮುಗಿಸಿ, ಭಾನುವಾರವಾದರೆ ರಾತ್ರಿ 7ರ ಅರಮನೆಯ ದೀಪಾಲಂಕಾರ ನೋಡಿಕೊಂಡು ಅದೇ ರಾತ್ರಿ ಬೆಂಗಳೂರಿನ ಮನೆ ಸೇರಬಹುದು. ಇಂಥ ಪ್ರವಾಸದಲ್ಲಿ ಊಟ ತಿಂಡಿಗೆ ಸಿಗುವುದು ಹೆಚ್ಚೆಂದರೆ ಎರಡು ಹೊತ್ತು. ಆ ಎರಡು ಹೊತ್ತಿಗೆ ಎಲ್ಲರೂ ಮೊಬೈಲಿನಲ್ಲಿ ಮೊದಲು ಕಾಣುವ ಅದೇ ಎರಡು ಮೂರು ಹೆಸರುಗಳ ಮುಂದೆ ಸಾಲು ನಿಲ್ಲುತ್ತಾರೆ.

ನಜರ್‌ಬಾದಿನಲ್ಲಿ ಈ ದೃಶ್ಯ ಯಾವ ಭಾನುವಾರವೂ ಕಾಣಸಿಗುತ್ತದೆ. ಮೈಲಾರಿ ಎಂಬ ಹೆಸರು ಹೊತ್ತ ಹೋಟೆಲುಗಳು ಅಲ್ಲಿ ಒಂದೇ ರಸ್ತೆಯಲ್ಲಿ ಎರಡಿವೆ. ಮೂಲದ್ದು ಯಾವುದೆಂಬ ಚರ್ಚೆ ಮೈಸೂರಿನವರಿಗೆ ದೋಸೆಯಷ್ಟೇ ಪ್ರಿಯ. ಪುಟ್ಟ ಜಾಗ, ಕೆಲವೇ ಮೇಜು, ಬೆರಳೆಣಿಕೆಯ ತಿಂಡಿ. ಬೇರೆ ಊರುಗಳ ಹೋಟೆಲುಗಳಲ್ಲಿ 'ಮೈಸೂರು ಮಸಾಲೆ' ಎಂದರೆ ಒಳಗೆ ಕೆಂಪು ಚಟ್ನಿ ಸವರಿದ ಗರಿಗರಿ ದೋಸೆ. ಅದನ್ನೇ ನೆನೆದು ಬಂದವರು ಇಲ್ಲಿ ಬೆಣ್ಣೆ ಹಾಕಿದ, ಒಳಗೆ ಸಾಗು ತುಂಬಿದ, ಹತ್ತಿಯಂತೆ ಮೆತ್ತಗಿನ ದೋಸೆ ಕಂಡು ಒಂದು ಕ್ಷಣ ತಬ್ಬಿಬ್ಬಾಗುತ್ತಾರೆ. ತಬ್ಬಿಬ್ಬಾದರೂ ಎರಡನೆಯದನ್ನು ಹೇಳದೆ ಏಳುವವರು ವಿರಳ.

ಈ ದೋಸೆ ಕಲ್ಲಿನಿಂದ ಎಲೆಗೆ, ಎಲೆಯಿಂದ ಬಾಯಿಗೆ ಹೋಗಬೇಕಾದದ್ದು. ಪೊಟ್ಟಣ ಕಟ್ಟಿಸಿಕೊಂಡು ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಅದರ ಕಥೆ ಮುಗಿದಿರುತ್ತದೆ. ಹಾಗೆ ನೋಡಿದರೆ ಸ್ಥಳೀಯ ತಿನಿಸುಗಳಲ್ಲಿ ಎರಡು ಜಾತಿ: ಕಟ್ಟಿಸಿಕೊಂಡು ಹೋಗಬಹುದಾದವು ಮತ್ತು ಕೂತೇ ತಿನ್ನಬೇಕಾದವು. ವೇಗದ ಪ್ರವಾಸ ಮೊದಲನೆಯದನ್ನು ಬೆಳೆಸುತ್ತದೆ, ಎರಡನೆಯದನ್ನು ಸೊರಗಿಸುತ್ತದೆ. ಹೆಸರಾದ ಹೋಟೆಲುಗಳು ಸಾಲಿನಿಂದ ನಲುಗಿದರೆ, ಅಗ್ರಹಾರ, ಚಾಮುಂಡಿಪುರಂ, ಒಂಟಿಕೊಪ್ಪಲಿನ ಹೆಸರಿಲ್ಲದ ಮೆಸ್ಸು, ಕಾಫಿ ಬಾರುಗಳಿಗೆ ಪ್ರವಾಸಿಗ ಬರುವುದೇ ಇಲ್ಲ. ಅವುಗಳಿಗೆ ಹಾಲು, ಕಾಫಿಪುಡಿಯ ದರ ಏರಿಕೆಯ ಬಿಸಿ ಮಾತ್ರ ತಪ್ಪದೆ ತಟ್ಟುತ್ತದೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿದಾಗ, ದೊಡ್ಡ ಹೋಟೆಲುಗಳು ಕಾಫಿಯ ಬೆಲೆ ಏರಿಸಿ ಸುಮ್ಮನಾದವು. ದಿನವೂ ಅದೇ ಮುಖಗಳಿಗೆ ಕಾಫಿ ಕೊಡುವ ಸಣ್ಣವರಿಗೆ ಅದು ಅಷ್ಟು ಸಲೀಸಲ್ಲ.

ಹೆಸರಿನ ಜಗಳ, ಜಾಗದ ಜಗಳ

ಕಟ್ಟಿಸಿಕೊಂಡು ಹೋಗುವ ತಿನಿಸುಗಳಲ್ಲಿ ಮೈಸೂರು ಪಾಕಿಗೆ ಸಾಟಿಯಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರು ಕಡಲೆಹಿಟ್ಟು, ತುಪ್ಪ, ಸಕ್ಕರೆಯ ಪಾಕದಿಂದ ಇದನ್ನು ಮಾಡಿದರು ಎನ್ನಲಾಗುತ್ತದೆ. ಅವರ ವಂಶಸ್ಥರೇ ಗುರು ಸ್ವೀಟ್ಸ್ ನಡೆಸುತ್ತಿದ್ದಾರೆ. ಖ್ಯಾತಿ ಹೆಚ್ಚಿದಷ್ಟೂ ಹೆಸರಿನ ರಗಳೆಯೂ ಹೆಚ್ಚುತ್ತದೆ. 2019ರಲ್ಲಿ ಮೈಸೂರು ಪಾಕಿನ ಭೌಗೋಳಿಕ ಸೂಚಕ ತಮಿಳುನಾಡಿಗೆ ಸಿಕ್ಕಿತೆಂಬ ತಮಾಷೆಯ ಟ್ವೀಟೊಂದನ್ನು ಜನ ನಿಜವೆಂದೇ ನಂಬಿ ಎರಡು ರಾಜ್ಯಗಳವರು ಜಗಳಕ್ಕೆ ನಿಂತರು. 2025ರ ಮೇ ತಿಂಗಳಲ್ಲಿ 'ಆಪರೇಷನ್ ಸಿಂಧೂರ' ನಡೆದ ಬಳಿಕ ಜೈಪುರದ ಕೆಲವು ಮಿಠಾಯಿ ಅಂಗಡಿಗಳು 'ಪಾಕ್' ಎಂಬ ಸದ್ದೇ ಬೇಡವೆಂದು ಇದನ್ನು 'ಮೈಸೂರು ಶ್ರೀ' ಮಾಡಿದವು. ಪಾಕ ಎಂದರೆ ಒಲೆಯ ಮೇಲೆ ಕುದಿಸಿದ ಸಕ್ಕರೆ ಎಂಬುದನ್ನು ಅವರಿಗೆ ಕನ್ನಡದವರು ಯಾರೂ ಹೇಳಿರಲಿಕ್ಕಿಲ್ಲ.

ಈ ಹೆಸರಿನ ಜಗಳಗಳಿಗೆ ದೂರದರ್ಶನ ವಾಹಿನಿಗಳು ಕೊಟ್ಟ ಸಮಯದಲ್ಲಿ ಹತ್ತರಲ್ಲೊಂದು ಪಾಲನ್ನೂ ಆ ಅಂಗಡಿಯ ಬೆನ್ನಿಗಿರುವ ದೇವರಾಜ ಮಾರುಕಟ್ಟೆಯ ಸಮಸ್ಯೆಗೆ ಕೊಡಲಿಲ್ಲ. 2012ರ ಆಗಸ್ಟಿನಲ್ಲಿ ಸಮೀಪದ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ಮಾರುಕಟ್ಟೆಯ ಉತ್ತರ ಭಾಗವೂ ಕುಸಿಯಿತು. ಅಂದಿನಿಂದ, ಕೆಡವಿ ಅದೇ ಮಾದರಿಯಲ್ಲಿ ಹೊಸದಾಗಿ ಕಟ್ಟಬೇಕೆಂಬ ಪಾಲಿಕೆಯ ನಿಲುವಿಗೂ, ದುರಸ್ತಿ ಮಾಡಿ ಉಳಿಸಬಹುದೆಂಬ ಪಾರಂಪರಿಕ ತಜ್ಞರ ನಿಲುವಿಗೂ ತಿಕ್ಕಾಟ ನಡೆದಿದೆ. ಸಮಿತಿಗಳು ಒಂದಕ್ಕೊಂದು ವಿರುದ್ಧವಾದ ವರದಿ ಕೊಟ್ಟವು, ವಿವಾದ ಹೈಕೋರ್ಟಿನ ಮೆಟ್ಟಿಲೇರಿತು.

ಪ್ರವಾಸಿಗರಿಗೆ ಈ ಮಾರುಕಟ್ಟೆ ಕುಂಕುಮದ ರಾಶಿಯ ಫೋಟೊ ತೆಗೆಯುವ ಜಾಗ. ಆದರೆ ಭೌಗೋಳಿಕ ಸೂಚಕ ಪಡೆದ ಮೈಸೂರು ವೀಳ್ಯದೆಲೆ, ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆಯಂಥವು ಊರಿನ ಜನರ ಕೈ ಸೇರುವ ದಾರಿ ಇದೇ. ಇವುಗಳಲ್ಲಿ ರಸಬಾಳೆ ಪನಾಮ ಸೊರಗು ರೋಗಕ್ಕೆ ತುತ್ತಾಗಿ ಮೊದಲೇ ಅಪರೂಪವಾಗಿದೆ. ಬೆಳೆಯುವ ಕೆಲವೇ ರೈತರಿಗೆ ಗುರುತಿನ ಮಾರುಕಟ್ಟೆಯೂ ತಪ್ಪಿದರೆ, ಪ್ರಮಾಣಪತ್ರ ಮಾತ್ರ ಉಳಿದೀತು. ಕಟ್ಟಡವನ್ನು ಹಳೆಯ ನಕ್ಷೆಯಂತೆ ಮತ್ತೆ ಎಬ್ಬಿಸಬಹುದು. ಕಾಮಗಾರಿ ನಡೆಯುವಷ್ಟು ವರ್ಷ ಬಾಳೆಹಣ್ಣಿನವರು, ವೀಳ್ಯದೆಲೆಯವರು ಎಲ್ಲಿ ಕೂರಬೇಕು, ಮರಳಿದಾಗ ಬಾಡಿಗೆ ಎಷ್ಟಿರುತ್ತದೆ ಎಂಬುದನ್ನು ಯಾವ ನಕ್ಷೆಯೂ ತೋರಿಸುವುದಿಲ್ಲ. ಬಾಡಿಗೆದಾರರ ಆತಂಕವಿರುವುದು ಇಲ್ಲಿಯೇ.

ದಸರೆಯ ಆಹಾರ ಮೇಳವನ್ನು ಇದಕ್ಕೆ ಉತ್ತರವೆಂಬಂತೆ ಅಧಿಕಾರಿಗಳು ಆಗಾಗ ಮುಂದಿಡುವುದುಂಟು. ಹೆಗ್ಗಡದೇವನಕೋಟೆ ಕಡೆಯ ಆದಿವಾಸಿಗಳ ಬಿದಿರಿನ ಬಿರಿಯಾನಿಗೆ ಅಲ್ಲಿ ಜನ ಮುಗಿಬೀಳುತ್ತಾರೆ, ಒಳ್ಳೆಯದೇ. ದಸರೆ ಮುಗಿದ ಮೇಲೆ ಅದೇ ಅಡುಗೆಯವರಿಗೆ ನಗರದಲ್ಲಿ ಒಂದು ಕಾಯಂ ಮಳಿಗೆ ಕೊಡುವ ಆಲೋಚನೆ ಮಾತ್ರ ಪೆಂಡಾಲಿನ ಜತೆಗೇ ಬಿಚ್ಚಿಹೋಗುತ್ತದೆ.

ಮೈಸೂರಿಗೆ ಬರುವವರು ಸದ್ಯಕ್ಕೆ ಮಾಡಬಹುದಾದದ್ದಿಷ್ಟು. ಶನಿವಾರ, ಭಾನುವಾರದ ಬದಲು ವಾರದ ನಡುವೆ ಬಂದರೆ ನಜರ್‌ಬಾದಿನಲ್ಲಿ ಕೂರಲು ಜಾಗ ಸಿಗುತ್ತದೆ. ಬೆಳಿಗ್ಗೆ ಬೇಗ ದೇವರಾಜ ಮಾರುಕಟ್ಟೆಗೆ ಹೋದರೆ ಹಣ್ಣು, ಎಲೆ ತಾಜಾ ಇರುತ್ತವೆ. ರಸಬಾಳೆ ಕೇಳಿ ನೋಡಬೇಕು, ಅದೃಷ್ಟವಿದ್ದರೆ ಇದ್ದೀತು. ಮರಳುವಾಗ ಮಂಡ್ಯದ ಬಳಿ ದಶಪಥದ ಮುಖ್ಯ ರಸ್ತೆಯಿಂದ ಇಳಿದು ಹಳೆಯ ಹೆದ್ದಾರಿ ಹಿಡಿದರೆ ಮದ್ದೂರು ಪೇಟೆಯ ನಡುವೆಯೇ ಹಾದುಹೋಗಬಹುದು. ಹೆಚ್ಚುವರಿಯಾಗಿ ತಗಲುವುದು ಬಹುಶಃ ಅರ್ಧ ಗಂಟೆ. ವಡೆ ಕರಿದು ಕೊಡುವವರೆಗೆ ಕಾಯುವ ಹೊತ್ತೂ ಅದರಲ್ಲೇ ಸೇರಿದೆ.