ರೇಸ್ ವೈರ್ ಅಂಟಿಕೊಂಡ ದಿನ

ಕಳೆದ ದೀಪಾವಳಿ ರಜೆಯಲ್ಲಿ ನನ್ನ ಕೈಯಾರೆ ಮಾಡಿದ ಒಂದು ರಿಪೇರಿಯಿಂದ ಅಪ್ಪ, ಅವ್ವ ಮತ್ತು ನಾನು ಮೂವರೂ ರಸ್ತೆ ಮೇಲೆ ಸಾಯುವುದಿತ್ತು. ಇದನ್ನು ಬರೆಯಲು ನಾಚಿಕೆ ಎನಿಸುತ್ತದೆ. ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ಬೀದರ್, ಭಾಲ್ಕಿ, ಔರಾದ್‌ನಲ್ಲಿ ಇದೇ ಕೆಲಸವನ್ನು ನನ್ನ ವಯಸ್ಸಿನ ಅನೇಕರು ಮನೆ ಅಂಗಳದಲ್ಲಿ ಮಾಡುತ್ತಿದ್ದಾರೆ.

ಭಾಲ್ಕಿ ಹತ್ತಿರದ ನಮ್ಮ ಊರಿನ ಮನೆಯಲ್ಲಿ ಹಳೆಯ ಪೆಟ್ರೋಲ್ ಕಾರೊಂದಿದೆ. ಅದರ ಆಕ್ಸಿಲರೇಟರ್ ಕೇಬಲ್, ಅಂದರೆ ನಾವು ರೇಸ್ ವೈರ್ ಎನ್ನುವುದು, ಸವೆದುಹೋಗಿತ್ತು. ಕಂಪನಿಯ ಕೇಬಲ್ ತರಲು ಬೀದರ್‌ಗೆ ಹೋಗಬೇಕಿತ್ತು. ಬಿ.ಇ. ಮೆಕ್ಯಾನಿಕಲ್ ಓದುವ ಮಗ ಮನೆಯಲ್ಲಿರುವಾಗ ಅಷ್ಟು ದೂರ ಯಾಕೆ ಎಂದು ನಾನೇ ಜಂಬದಿಂದ ಹೇಳಿದೆ. ಬೈಕಿನ ಕ್ಲಚ್ ವೈರ್ ತಂದು, ತುದಿಗೆ ಬೆಸುಗೆ ಹಾಕಿ ಜೋಡಿಸಿದೆ. ಅಷ್ಟಕ್ಕೇ ನಿಲ್ಲಲಿಲ್ಲ. ‘ಪಿಕಪ್ ಹೆಚ್ಚಿಸಿ’ ಎಂಬ ವಿಡಿಯೊ ನೋಡಿ ವೈರ್‌ನಲ್ಲಿ ಸ್ವಲ್ಪವೂ ಸಡಿಲ ಉಳಿಯದಂತೆ ಬಿಗಿದೆ. ಥ್ರಾಟಲ್ ಬಾಡಿಯ ಸ್ಟಾಪ್ ಸ್ಕ್ರೂವನ್ನೂ ತಿರುಗಿಸಿದೆ. ಪೆಡಲ್ ಮುಟ್ಟಿದರೆ ಸಾಕು, ಗಾಡಿ ಜಿಗಿಯತೊಡಗಿತು. ‘ಮಗ ಇಂಜಿನಿಯರ್ ಆಗ್ಯಾನ್ ನೋಡ್ರಿ’ ಎಂದು ಅವ್ವ ಪಕ್ಕದ ಮನೆಯವರಿಗೆ ಹೇಳಿದಳು.

ಮೂರನೆಯ ದಿನ ಬೀದರ್ ರಸ್ತೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಮುಂದೆ ಇತ್ತು. ಅಪ್ಪ ಪೆಡಲ್‌ನಿಂದ ಕಾಲು ತೆಗೆದರು. ಆದರೆ ಇಂಜಿನ್ ಸದ್ದು ಇಳಿಯಲಿಲ್ಲ, ಏರಿತು. ಅಪ್ಪ ಇಪ್ಪತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದವರು. ಕ್ಲಚ್ ಒತ್ತಿ ಗೇರ್ ನ್ಯೂಟ್ರಲ್‌ಗೆ ತಂದರು, ಬ್ರೇಕ್ ಹಿಡಿದು ಪಕ್ಕಕ್ಕೆ ಎಳೆದರು, ನಿಂತ ಮೇಲಷ್ಟೇ ಕೀಲಿ ತಿರುಗಿಸಿದರು. ಗಾಬರಿಯಲ್ಲಿ ಓಡುತ್ತಿರುವಾಗಲೇ ಕೀಲಿ ಕಿತ್ತಿದ್ದರೆ ಸ್ಟೇರಿಂಗ್ ಲಾಕ್ ಆಗಿಬಿಡುತ್ತಿತ್ತು. ಬಾನೆಟ್ ತೆಗೆದು ನೋಡಿದರೆ, ನಾನು ಹಾಕಿದ ವೈರ್‌ನ ಒಂದು ಎಳೆ ಹರಿದು, ಮುದುಡಿ, ಹೊರಕವಚದ ಬಾಯಲ್ಲಿ ಸಿಕ್ಕಿಕೊಂಡಿತ್ತು.

ಥ್ರಾಟಲ್ ಏನು ಮಾಡುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವನು ನಾನು. ಪೆಡಲ್ ಒತ್ತಿದರೆ ಪೆಟ್ರೋಲ್ ಹೆಚ್ಚು ಸುರಿಯುತ್ತದೆ ಎಂದು ಹಲವರು ತಿಳಿದಿದ್ದಾರೆ. ವೈರ್ ಎಳೆಯುವುದು ಗಾಳಿಯ ಬಾಗಿಲನ್ನು. ಥ್ರಾಟಲ್ ಬಾಡಿಯೊಳಗಿನ ಬಿಲ್ಲೆ ತಿರುಗಿದಷ್ಟು ಗಾಳಿ ಒಳಗೆ ಹೋಗುತ್ತದೆ. ಎಂಪಿಎಫ್‌ಐ ಗಾಡಿಗಳಲ್ಲಿ ಸೆನ್ಸರ್‌ಗಳು ಅದನ್ನು ಅಳೆದು ಇಸಿಯುಗೆ ತಿಳಿಸುತ್ತವೆ, ಎಷ್ಟು ಇಂಧನ ಬೇಕೆಂದು ಇಸಿಯು ಲೆಕ್ಕ ಹಾಕುತ್ತದೆ. ವೈರ್ ಬಿಗಿದರೆ ಬಾಗಿಲು ಬೇಗ ತೆರೆಯುತ್ತದೆ, ಅಷ್ಟೆ. ಇಂಜಿನ್‌ನ ಶಕ್ತಿ ಒಂದು ಗುಲಗಂಜಿಯಷ್ಟೂ ಹೆಚ್ಚುವುದಿಲ್ಲ. ಥ್ರಾಟಲ್ ಬಾಡಿಯ ಒಳಮೈ ಉಜ್ಜಿ ಅಗಲ ಮಾಡುವವರೂ ಇದ್ದಾರೆ. ಆಗ ಬಿಲ್ಲೆ ಪೂರ್ತಿ ಮುಚ್ಚದೆ, ನಿಂತ ಗಾಡಿಯೂ ರೇಸ್ ಆಗುತ್ತದೆ. ಗಾಳಿ ಹೆಚ್ಚು ಹೋಗಲಿ ಎಂದು ಏರ್ ಫಿಲ್ಟರ್ ಕಿತ್ತರಂತೂ ಬೀದರ್‌ನ ಕೆಂಪು ಮಣ್ಣಿನ ದೂಳು ನೇರ ಸಿಲಿಂಡರ್‌ಗೆ ಇಳಿಯುತ್ತದೆ.

ಬಿಟ್ಟ ಕೂಡಲೇ ಮುಚ್ಚಿಕೊಳ್ಳುವುದು ಈ ಬಾಗಿಲಿನ ಮುಖ್ಯ ಗುಣ. ಅದಕ್ಕೇ ಅಲ್ಲಿ ಸ್ಪ್ರಿಂಗ್ ಇರುವುದು. ಒಂದು ಸ್ಪ್ರಿಂಗ್ ಕೆಟ್ಟರೂ ಇನ್ನೊಂದು ಮುಚ್ಚಬೇಕು ಎಂಬುದು ಅಮೆರಿಕದ ಸುರಕ್ಷಾ ನಿಯಮದ ತಿರುಳು. 2009-10ರಲ್ಲಿ ಪೆಡಲ್ ಅಂಟಿಕೊಳ್ಳುವ, ಮ್ಯಾಟ್‌ಗೆ ಸಿಕ್ಕಿಕೊಳ್ಳುವ ದೋಷಕ್ಕಾಗಿ ಟೊಯೊಟಾ ಲಕ್ಷಗಟ್ಟಲೆ ಕಾರುಗಳನ್ನು ವಾಪಸ್ ಕರೆಸಿಕೊಂಡಿತು. ಅದರ ಅಧ್ಯಕ್ಷರು 2010ರ ಫೆಬ್ರುವರಿಯಲ್ಲಿ ಅಮೆರಿಕದ ಸಂಸತ್ ಸಮಿತಿಯ ಮುಂದೆ ನಿಂತು ಉತ್ತರಿಸಬೇಕಾಯಿತು. ಅಂಥ ಭಾಗವನ್ನು ನಾನು ಇಕ್ಕಳ, ಬೆಸುಗೆ ಕಡ್ಡಿ ಹಿಡಿದು ‘ಸುಧಾರಿಸಿದ್ದೆ’.

ಹಾಗಾದರೆ ಜನ ಯಾಕೆ ಇದಕ್ಕೆ ಕೈ ಹಾಕುತ್ತಾರೆ? ರೀಲ್ಸ್ ಹುಚ್ಚು ಎಂದು ಹೇಳಿ ಮುಗಿಸುವುದು ಸುಲಭ. ಹೊಸ ಕಾರುಗಳಲ್ಲಿ ಈ ವೈರೇ ಇಲ್ಲ. ಪೆಡಲ್‌ನಿಂದ ಥ್ರಾಟಲ್‌ಗೆ ವಿದ್ಯುತ್ ಸಂಕೇತ ಹೋಗುತ್ತದೆ. ಆದ್ದರಿಂದ ಇದು ಹಳೆಯ ಗಾಡಿ ಇಟ್ಟುಕೊಂಡವರ, ಅಂದರೆ ಹೊಸದು ಕೊಳ್ಳಲಾಗದವರ ಸಮಸ್ಯೆ. ರೈಲು ಇಲ್ಲದ ಔರಾದ್‌ನಲ್ಲಿ ರಾತ್ರಿ ಹೊತ್ತು ಬಾಣಂತಿಯನ್ನು ಬೀದರ್‌ಗೆ ಕರೆತರಲು ಓಣಿಯ ಒಂದು ಹಳೆಯ ಕಾರೇ ದಿಕ್ಕು. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ ₹600ರಿಂದ ₹5,000ಕ್ಕೆ ಏರಿತು. ಅಷ್ಟು ಕಟ್ಟಿ ಬಂದವರು ಕೇಬಲ್‌ನಲ್ಲಿ ದುಡ್ಡು ಉಳಿಸಲು ನೋಡುತ್ತಾರೆ.

ಇದರ ಜೊತೆ ಎಥೆನಾಲ್ ವಿಚಾರವೂ ಸೇರಿದೆ. 2030ಕ್ಕೆಂದು ಇಟ್ಟಿದ್ದ ಶೇ 20ರ ಮಿಶ್ರಣದ ಗುರಿಯನ್ನು ದೇಶ 2025ರಲ್ಲೇ ಮುಟ್ಟಿತು. ನಾರಂಜಾ, ಮಹಾತ್ಮ ಗಾಂಧಿ ಸಹಕಾರ ಸಕ್ಕರೆ ಕಾರ್ಖಾನೆಗಳಿರುವ ಕಬ್ಬಿನ ಜಿಲ್ಲೆ ನಮ್ಮದು. ಕಬ್ಬಿಗೆ ಬೇಡಿಕೆ ಬಂದರೆ ನಮಗೆ ಸಂತೋಷವೇ. ಆದರೆ ಎಥೆನಾಲ್‌ನ ಒಂದು ಲೀಟರ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ ಇರುತ್ತದೆ. ಮೂಲತಃ ಬರೀ ಪೆಟ್ರೋಲ್‌ಗೆ ವಿನ್ಯಾಸಗೊಂಡು ಶೇ 10ರ ಮಿಶ್ರಣಕ್ಕೆ ಹೊಂದಿಸಿದ ಕಾರುಗಳ ಮೈಲೇಜ್ ಶೇ 6ರಿಂದ 7ರಷ್ಟು ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಮೈಲೇಜ್ ಇಳಿದಾಗ, ಗಾಡಿ ಜಗ್ಗುವುದಿಲ್ಲ ಎನಿಸಿದಾಗ ಮಾಲೀಕ ಮೊದಲು ಕೈ ಹಾಕುವುದು ಕಣ್ಣಿಗೆ ಕಾಣುವ ರೇಸ್ ವೈರ್‌ಗೆ. ರೋಗ ಇಂಧನದಲ್ಲಿ, ಮದ್ದು ಗಾಳಿಯ ಬಾಗಿಲಿಗೆ!

ಕಾನೂನು ಏನು ಹೇಳುತ್ತದೆ? ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ನೋಂದಣಿಯಲ್ಲಿರುವ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ. ತಯಾರಕರ ಮೂಲ ವಿನ್ಯಾಸ ಮೀರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ ಮಾಲೀಕನಿಗೆ ಪ್ರತಿ ಅಕ್ರಮ ಮಾರ್ಪಾಡಿಗೆ ₹5,000 ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಸದ್ದು ಮಾಡುವ ಸೈಲೆನ್ಸರ್ ಪೊಲೀಸರ ಕಿವಿಗೆ ಬೀಳುತ್ತದೆ. ಬಾನೆಟ್ ಕೆಳಗಿನ ವೈರ್ ಯಾರಿಗೆ ಕಾಣುತ್ತದೆ? ಹೊಗೆ ತಪಾಸಣೆಯಲ್ಲಿ ನೋಡುವುದು ಹೊಗೆಯನ್ನು ಮಾತ್ರ. ಖಾಸಗಿ ಕಾರನ್ನು ಸಾರಿಗೆ ಇಲಾಖೆ ಮತ್ತೆ ಪರೀಕ್ಷಿಸುವುದು 15 ವರ್ಷವಾದಾಗ, ಆಮೇಲೆ ಐದು ವರ್ಷಕ್ಕೊಮ್ಮೆ. ನಡುವಿನ ಕಾಲವೆಲ್ಲ ದೇವರ ಮೇಲೆ ಭಾರ.

ದಂಡ ಹೆಚ್ಚಿಸುವುದರಿಂದ ಇದು ನಿಲ್ಲದು. ಹಳೆಯ ಕೇಬಲ್ ತೆಗೆದು ಅದೇ ಅಳತೆಯ ಕೇಬಲ್ ಹಾಕುವುದು ರಿಪೇರಿ. ಥ್ರಾಟಲ್ ಬಾಡಿ ಕೊರೆಯುವುದು ಅಪಾಯದ ಆಟ. ಈ ಗೆರೆಯನ್ನು ಜನರಿಗೆ ಕನ್ನಡದಲ್ಲಿ ತಿಳಿಸುವವರು ಬೇಕು. ಬೀದರ್‌ನಲ್ಲಿ, ಭಾಲ್ಕಿಯಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ, ಜಿಲ್ಲೆಯಲ್ಲಿ ಐಟಿಐಗಳಿವೆ. ಸಾರಿಗೆ ಕಚೇರಿಯವರು ಇವರನ್ನು ಸೇರಿಸಿಕೊಂಡು ವರ್ಷಕ್ಕೊಮ್ಮೆ ತಾಲ್ಲೂಕು ಮಟ್ಟದಲ್ಲಿ ಹಳೆಯ ವಾಹನಗಳ ಉಚಿತ ತಪಾಸಣೆ ನಡೆಸಲಿ. ದಂಡದ ರಸೀದಿ ಪುಸ್ತಕ ಆ ದಿನ ಮನೆಯಲ್ಲಿರಲಿ. ನಾವು ವಿದ್ಯಾರ್ಥಿಗಳು ಕೈ ಮಸಿ ಮಾಡಿಕೊಳ್ಳಲು ಸಿದ್ಧ. ನಾಲ್ಕು ವರ್ಷ ಸಮೀಕರಣ ಬರೆದು ಒಂದು ಕೇಬಲ್ ಸರಿಯಾಗಿ ಹಾಕಲು ಬಾರದೆ ಹೊರಬರುವ ನಮಗೂ ಅದು ಪಾಠವಾದೀತು.

ಕೊನೆಗೆ ನಮ್ಮ ಗಾಡಿಗೆ ಹೊಸ ಕೇಬಲ್ ಹಾಕಿದವರು ಔರಾದ್‌ನ ನಮ್ಮ ಸೋದರಮಾವನಿಗೆ ಪರಿಚಯದ ಒಬ್ಬ ಉಸ್ತಾದರು. ಶಾಲೆ ಕಲಿತವರಲ್ಲ. ನಾನು ತಿರುಗಿಸಿದ್ದ ಸ್ಕ್ರೂ ಮೊದಲಿನ ಜಾಗಕ್ಕೆ ತಂದು, ವೈರ್‌ನಲ್ಲಿ ಕೂದಲೆಳೆಯಷ್ಟು ಸಡಿಲ ಬಿಟ್ಟು, ‘ತಮ್ಮಾ, ಇಷ್ಟು ಸಡ್ಲ ಇರಬೇಕು. ಗಾಡಿ ಬಂದ್ ಇದ್ದಾಗ ಪೆಡಲ್ ಪೂರಾ ಒತ್ತಿ ಬಿಟ್ಟು ನೋಡು. ಟಕ್ ಅಂತ ವಾಪಸ್ ಬರ್ಲಿಲ್ಲಂದ್ರ ರಸ್ತಾಕ್ಕ ಇಳಿಸಬ್ಯಾಡ’ ಎಂದರು. ಕಾಸು ಖರ್ಚಿಲ್ಲದ ಈ ಪರೀಕ್ಷೆಯನ್ನು ಹಳೆಯ ಗಾಡಿ ಇರುವ ಎಲ್ಲರೂ ಮಾಡಬಹುದು. ಅಪ್ಪ ಈಗ ದಿನಾ ಬೆಳಿಗ್ಗೆ ಆ ‘ಟಕ್’ ಕೇಳಿದ ಮೇಲೆಯೇ ಕೀಲಿ ತಿರುಗಿಸುತ್ತಾರೆ.