ಗಾಳಿಯೇ ಮದ್ದಾಗಿದ್ದ ಆಸ್ಪತ್ರೆ

ಬರ್ಲಿನ್‌ನಲ್ಲಿ ರೈಲು ಹತ್ತಿದರೆ ಒಂದು ಗಂಟೆಯೊಳಗೆ ಬೇಲಿಟ್ಸ್-ಹೈಲ್‌ಶ್ಟೆಟನ್ ಅನ್ನೋ ಪುಟ್ಟ ಸ್ಟೇಷನ್ ಬರುತ್ತೆ. ಹೆಸರಲ್ಲೇ ಬೇಲಿ ಇದೆ, ಇಳಿದು ನೋಡಿದರೆ ಪಾಳು ಕಟ್ಟಡಗಳ ಸುತ್ತಲೂ ಇದೆ. ಪೈನ್ ಕಾಡಿನ ನಡುವೆ ಸುಮಾರು 60 ಕಟ್ಟಡಗಳ ಹಳೇ ಆಸ್ಪತ್ರೆ ಇದು. ಮುರಿದ ಕಿಟಕಿ, ಸಿಪ್ಪೆ ಸುಲಿದಂತೆ ನೇತಾಡುವ ಬಣ್ಣ, ಉದ್ದೋ ಉದ್ದ ಕಾರಿಡಾರ್. ನಿಮ್ಮ ಫೋನಿನಲ್ಲಿ 'ದೆವ್ವದ ಆಸ್ಪತ್ರೆ' ಅಂತ ಯಾವುದಾದರೂ ರೀಲ್ ಬಂದಿದ್ದರೆ, ಅದು ಇದೇ ಆಗಿರಬಹುದು.

ಮೊದಲೇ ಹೇಳಿಬಿಡ್ತೀನಿ, ನಾನು ಬೇಲಿ ಹಾರಲಿಲ್ಲ. ಹಾರುವವರ ಕಾಲ ಮುಗೀತು. ಕೆಲವು ಕಟ್ಟಡಗಳು ರಿಪೇರಿಯಾಗಿ ಮನೆಗಳಾಗಿವೆ. ಉಳಿದ ಪಾಳು ಭಾಗವನ್ನು ಟಿಕೆಟ್ ಕೊಂಡು, ಗೈಡ್ ಜೊತೆ ನೋಡಬಹುದು. 2015ರಿಂದ ಮರಗಳ ತುದಿಯ ಎತ್ತರದಲ್ಲಿ ನಡೆಯೋ ಸೇತುವೆಯೂ ಇದೆ. ಅದರ ಮೇಲಿಂದ ಕಾಣುವ 'ಆಲ್ಪೆನ್‌ಹೌಸ್' ಎರಡನೇ ಮಹಾಯುದ್ಧದ ಕೊನೆಯಲ್ಲಿ ಸುಟ್ಟುಹೋದ ಕಟ್ಟಡ. ಮತ್ತೆ ಯಾರೂ ಕಟ್ಟಲಿಲ್ಲ. ಈಗ ಅದರ ತಾರಸಿ ಮೇಲೆ ಸಣ್ಣದೊಂದು ಕಾಡೇ ಬೆಳೆದಿದೆ.

ಗೈಡ್‌ಗಳ ಬಳಿ ದೊಡ್ಡ ಹೆಸರುಗಳಿವೆ. 1916ರಲ್ಲಿ ತೊಡೆಗೆ ಗಾಯವಾದ ಸೈನಿಕ ಹಿಟ್ಲರ್ ಇಲ್ಲೇ ಮಲಗಿದ್ದ. 1945ರಿಂದ 1994ರವರೆಗೆ ಇದು ಸೋವಿಯತ್, ಆಮೇಲೆ ರಷ್ಯನ್ ಸೇನೆಯ ಆಸ್ಪತ್ರೆ. ಅಧಿಕಾರ ಕಳಕೊಂಡ ಪೂರ್ವ ಜರ್ಮನಿಯ ನಾಯಕ ಹೊನೆಕರ್ 1990ರಲ್ಲಿ ಇಲ್ಲಿ ಆಶ್ರಯ ಪಡೆದ, ಮರುವರ್ಷ ಮಾಸ್ಕೋಗೆ ಹಾರಿದ. ಎಲ್ಲರೂ ಇದನ್ನೇ ರೆಕಾರ್ಡ್ ಮಾಡ್ಕೊಳ್ತಾರೆ. ನನಗೇನೋ ಇವರಿಬ್ಬರೂ ಇಲ್ಲಿ ಬಂದುಹೋದ ನೆಂಟರು ಅನಿಸಿತು, ಅಷ್ಟೆ.

ಮನೆಯವರು ಬೇರೆ. ಇದನ್ನು 1898ರಲ್ಲಿ ಕಟ್ಟಲು ಶುರುಮಾಡಿದ್ದು ಬರ್ಲಿನ್ನಿನ ಕಾರ್ಮಿಕರ ವಿಮಾ ಸಂಸ್ಥೆ, ಕ್ಷಯ ಹಿಡಿದ ಕಾರ್ಮಿಕರಿಗಾಗಿ. ಕತ್ತಲೆ ವಠಾರಗಳಲ್ಲಿ ಕೆಮ್ಮುತ್ತಿದ್ದವರನ್ನು ಕಾಡಿಗೆ ಕರೆತಂದರು. ಶ್ವಾಸಕೋಶದ ರೋಗಿಗಳು ರೈಲು ಹಳಿಯ ಒಂದು ಕಡೆ, ಅಂಟದ ಕಾಯಿಲೆಯವರು ಇನ್ನೊಂದು ಕಡೆ. ಗಂಡಸರು, ಹೆಂಗಸರು ರಸ್ತೆಯ ಆಚೀಚೆ.

ಕಾಕ್ ಕ್ಷಯದ ರೋಗಾಣು ಕಂಡುಹಿಡಿದಿದ್ದನ್ನು ಬರ್ಲಿನ್‌ನಲ್ಲಿ ಪ್ರಕಟಿಸಿದ್ದು 1882ರ ಮಾರ್ಚ್ 24ರಂದು. ಅದನ್ನು ಕೊಲ್ಲಬಲ್ಲ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಬಗ್ ಎಲ್ಲಿದೆ ಅಂತ ಗೊತ್ತಾಗಿ 61 ವರ್ಷ ಫಿಕ್ಸ್ ಇರಲಿಲ್ಲ. ಅಲ್ಲಿಯವರೆಗೆ ವೈದ್ಯರ ಕೈಲಿದ್ದದ್ದು ಗಾಳಿ, ಬಿಸಿಲು, ಒಳ್ಳೇ ಊಟ, ವಿಶ್ರಾಂತಿ. ಅದಕ್ಕೇ ಇಲ್ಲಿ ಅಷ್ಟು ದೊಡ್ಡ ಕಿಟಕಿಗಳು, ದಕ್ಷಿಣಕ್ಕೆ ತೆರೆದ ಉದ್ದ ವರಾಂಡಾಗಳು. ಚಳಿಯಲ್ಲೂ ಕಂಬಳಿ ಹೊದ್ದು ಗಂಟೆಗಟ್ಟಲೆ ಹೊರಗೆ ಮಲಗಿರಬೇಕು, ಅದೇ ಟ್ರೀಟ್‌ಮೆಂಟ್. ನಾವು 'ವಾವ್, ಏನ್ ಲೈಟಿಂಗ್' ಅಂತ ಕ್ಲಿಕ್ಕಿಸೋ ಬೆಳಕು ಅವರಿಗೆ ಔಷಧ.

ಇದು ತಲೆಗೆ ಹೋದಮೇಲೆ ಕ್ಯಾಮೆರಾ ತಾನಾಗೇ ತಿರುಗಿತು. ಕಪ್ಪುಬಿಳುಪು ಫಿಲ್ಟರ್ ತೆಗೆದುಹಾಕಿದೆ. ಕತ್ತಲ ಮೂಲೆ ಬಿಟ್ಟು ಕಿಟಕಿಗೆ ಎಕ್ಸ್‌ಪೋಷರ್ ಹೊಂದಿಸಿದೆ. (ಫೋನ್‌ನವರು ಪರದೆಯಲ್ಲಿ ಕಿಟಕಿಯನ್ನು ಒತ್ತಿಹಿಡಿದರೆ ಸಾಕು.) ವರಾಂಡಾದಲ್ಲಿ ನಿಂತು ಮಲಗಿದವರ ಎತ್ತರಕ್ಕೆ, ಅಂದರೆ ಮಂಡಿ ಮಟ್ಟಕ್ಕೆ ಫೋನ್ ಇಳಿಸಿ, ಅವರಿಗೆ ಕಂಡಿರಬಹುದಾದ ಆಕಾಶವನ್ನು ತೆಗೆದೆ.

ಫೋಟೋಗಳನ್ನು ಅಮ್ಮನಿಗೆ ಕಳಿಸಿದೆ. "ಅಯ್ಯೋ, ಇಂಥ ಕಡೆಗೆಲ್ಲ ಯಾಕೆ ಹೋಗ್ತೀಯೋ" ಅಂತ ಬೈಗುಳ ಬರುತ್ತೆ ಅಂದ್ಕೊಂಡಿದ್ದೆ. ಬಂದಿದ್ದು ವಿಡಿಯೋ ಕಾಲ್.

"ಆ ವರಾಂಡಾ ಇನ್ನೊಂದ್ಸಲ ತೋರ್ಸು," ಅಂದರು. ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಮ್ಮನ್ನೂ ಹೀಗೇ ಮಲಗಿಸ್ತಿದ್ರು ಕಣೋ. ಮೈಸೂರಲ್ಲಿ."

ಅಜ್ಜಿಗೆ ಟಿಬಿ ಇತ್ತು ಅನ್ನೋದು ನನಗೆ ಗೊತ್ತಾಗಿದ್ದು ಆಗ, ಮೂವತ್ತನೇ ವಯಸ್ಸಿನಲ್ಲಿ! ಅಮ್ಮನಿಗೆ ಆಗ ಐದೋ ಆರೋ ವರ್ಷ. ಅಕ್ಕಪಕ್ಕದವರಿಗೆ 'ತವರಿಗೆ ಹೋಗಿದ್ದಾಳೆ' ಅಂತ ಹೇಳಿದ್ದರಂತೆ. ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ, ಅಮ್ಮ ಅಂಗಳದಲ್ಲೇ ನಿಂತು ಕೈ ಬೀಸುತ್ತಿದ್ದರಂತೆ. ಅಷ್ಟು ಹೊತ್ತಿಗೆ ಮದ್ದು ಬಂದಿತ್ತು, ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಚುಚ್ಚಿ ಅಜ್ಜಿಯನ್ನು ಉಳಿಸಿಕೊಂಡರು. ಆದರೆ ವಾಸಿಯಾಗಿ ಬಂದಮೇಲೂ ವರ್ಷಗಟ್ಟಲೆ ಅವರ ತಟ್ಟೆ ಲೋಟ ಬೇರೆಯೇ ಇತ್ತು. ಅಜ್ಜಿಯೇ ಹಾಗೆ ಇಟ್ಟುಕೊಂಡಿದ್ದರಂತೆ. ನಾನು ಚಿಕ್ಕವನಿದ್ದಾಗ ಆ ಸ್ಟೀಲ್ ಲೋಟ ನೋಡಿದ್ದೇನೆ. ಮಡಿ ಇರಬೇಕು ಅಂದ್ಕೊಂಡಿದ್ದೆ.

"ಯಾಕಮ್ಮಾ ಇಷ್ಟು ದಿನ ಹೇಳ್ಲಿಲ್ಲ?"

"ನೀನ್ ಕೇಳಿದ್ಯಾ? ಹೆಣ್ ಕೊಡೋವಾಗ್ಲೇ ಮುಚ್ಚಿಟ್ಟಿದ್ರು, ಆಮೇಲೆ ಅದೇ ಅಭ್ಯಾಸ ಆಗೋಯ್ತು."

ಮೈಸೂರಿನ ಪಿ.ಕೆ.ಟಿ.ಬಿ. ಸ್ಯಾನಟೋರಿಯಂ ಶುರುವಾಗಿದ್ದು 1921ರಲ್ಲಿ. ಅದರ ಹೆಸರಿನಲ್ಲಿರುವ ರಾಜಕುಮಾರಿಯೂ ಕ್ಷಯದಿಂದ ತೀರಿಕೊಂಡವರೇ. ಅರಮನೆಯವರು ಆ ಹೆಸರನ್ನು ಬೋರ್ಡಿಗೇ ಹಾಕಿದರು. ನಮ್ಮ ಮನೆಯಲ್ಲಿ ಪಕ್ಕದ ಮನೆಗೂ ಹೇಳಲಿಲ್ಲ.

ಡಿಸೆಂಬರ್‌ನಲ್ಲಿ ಊರಿಗೆ ಹೋಗ್ತಿದ್ದೀನಿ. ಅಜ್ಜಿಯಿದ್ದ ಜಾಗ ತೋರಿಸ್ತೀನಿ ಅಂತ ಅಮ್ಮ ಒಪ್ಪಿದ್ದಾರೆ. ಆದರೆ ಅದು ಪಾಳು ಬಿದ್ದಿಲ್ಲ, ಅಲ್ಲಿ ಇವತ್ತಿಗೂ ರೋಗಿಗಳಿದ್ದಾರೆ. ಕ್ಯಾಮೆರಾ ಮನೆಯಲ್ಲೇ ಬಿಟ್ಟು ಹೋಗ್ತೀನಿ.