ಕಿವಿಗೊಡುವುದೂ ಒಂದು ಚಿಕಿತ್ಸೆಯೇ?

ಮನಶ್ಶಾಸ್ತ್ರದ ಅಭ್ಯಾಸಕ್ಕೆ ತೊಡಗಿದ ವಿದ್ಯಾರ್ಥಿಗಳಾದ ನಮಗೆ ಮೊದಲು ಎದುರಾಗುವ ತೊಡಕೆಂದರೆ ಸಿದ್ಧಾಂತಗಳ ಬಾಹುಳ್ಯ. ಫ್ರಾಯ್ಡರ ಮನೋವಿಶ್ಲೇಷಣೆಯನ್ನು ಓದಿದ ವಾರ ಎಲ್ಲರ ನಡೆನುಡಿಗಳಲ್ಲಿಯೂ ಅದುಮಿಟ್ಟ ಬಯಕೆಗಳೇ ಕಾಣಿಸುತ್ತವೆ. ಮುಂದಿನ ವಾರ ವಾಟ್ಸನ್ ಮತ್ತು ಸ್ಕಿನ್ನರರ ವರ್ತನವಾದವನ್ನು ಓದಿದೊಡನೆಯೇ ಆ ಬಯಕೆಗಳೆಲ್ಲ ಮಾಯವಾಗಿ, ಪ್ರಚೋದನೆ, ಪ್ರತಿಕ್ರಿಯೆ, ಬಹುಮಾನಗಳು ಮಾತ್ರ ಉಳಿಯುತ್ತವೆ. ಅಧ್ಯಾಯಕ್ಕೊಮ್ಮೆ ಮತಾಂತರ ಹೊಂದುವ ಈ ಪರಿ ವಿಜ್ಞಾನದ ವಿದ್ಯಾರ್ಥಿಗೆ ಒಪ್ಪುವಂತಹುದಲ್ಲ. ಸಿದ್ಧಾಂತವೆಂಬುದು ಪರೀಕ್ಷೆಗೆ ಒಡ್ಡಬೇಕಾದ ಊಹೆಯೇ ಹೊರತು ನಾವು ಸೇರಿಕೊಳ್ಳಬೇಕಾದ ಪಂಥವಲ್ಲ. ಈ ಮಾತನ್ನು ಮನಗಾಣಲು ಅಮೆರಿಕದ ಕಾರ್ಲ್ ರಾಜರ್ಸರು ರೂಪಿಸಿದ ‘ಸಹಾಯಾರ್ಥಿ ಕೇಂದ್ರಿತ ಚಿಕಿತ್ಸೆ’ಗಿಂತ ಉತ್ತಮವಾದ ಉದಾಹರಣೆ ದೊರೆಯಲಾರದೆಂದು ನಮ್ಮ ಅಭಿಪ್ರಾಯ.

ರಾಜರ್ಸರು 1902ರಲ್ಲಿ ಷಿಕಾಗೋ ನಗರದ ಸಮೀಪದಲ್ಲಿ ಜನಿಸಿದರು, 1987ರಲ್ಲಿ ಕಾಲವಾದರು. ಅವರು ಹನ್ನೆರಡು ವರ್ಷದ ಬಾಲಕನಾಗಿದ್ದಾಗ ಕುಟುಂಬವು ಪಟ್ಟಣವನ್ನು ಬಿಟ್ಟು ಹೊಲಮನೆಗೆ ಹೋಗಿ ನೆಲೆಸಿತು. ಬೇಸಾಯವನ್ನು ವೈಜ್ಞಾನಿಕವಾಗಿ ನಡೆಸಬೇಕೆಂಬುದು ತಂದೆಯ ಹಟ. ಮಗನು ಹದಿನಾಲ್ಕರ ಪ್ರಾಯದಲ್ಲಿಯೇ ದನಕರುಗಳ ಮೇವನ್ನು ಕುರಿತ ದೊಡ್ಡ ಗ್ರಂಥವೊಂದನ್ನು ಓದಿದನು. ಒಂದು ಮೇವಿನ ಗುಣವನ್ನು ತಿಳಿಯಬೇಕಾದರೆ, ಅದನ್ನು ತಿಂದ ದನಗಳನ್ನು ತಿನ್ನದ ದನಗಳೊಡನೆ ಹೋಲಿಸಿ ನೋಡಬೇಕೆಂಬ ತತ್ತ್ವ ಅವನಿಗೆ ಅಲ್ಲಿಯೇ ಮನದಟ್ಟಾಯಿತು. ಮುಂದೆ ಮನುಷ್ಯನ ಮನಸ್ಸನ್ನು ಕುರಿತು ವಿಚಾರ ಮಾಡುವಾಗಲೂ ರಾಜರ್ಸರು ಈ ಪಾಠವನ್ನು ಮರೆಯಲಿಲ್ಲ.

1928ರಿಂದ ಸುಮಾರು ಹನ್ನೆರಡು ವರ್ಷಗಳ ಕಾಲ ಅವರು ರಾಚೆಸ್ಟರ್ ನಗರದಲ್ಲಿ, ನಡತೆಯಲ್ಲಿ ತೊಂದರೆಯುಳ್ಳ ಮಕ್ಕಳಿಗಾಗಿ ಕೆಲಸ ಮಾಡಿದರು. ಅಲ್ಲಿ ನಡೆದ ಒಂದು ಪ್ರಸಂಗವನ್ನು ಅವರೇ ಬರೆದಿದ್ದಾರೆ. ತುಂಟನಾದ ಹುಡುಗನೊಬ್ಬನ ತಾಯಿ ಅವರಲ್ಲಿಗೆ ಬರುತ್ತಿದ್ದಳು. ಆಕೆ ಮಗನನ್ನು ಎಳವೆಯಲ್ಲಿ ದೂರವಿಟ್ಟುದೇ ತೊಂದರೆಗೆ ಮೂಲವೆಂದು ರಾಜರ್ಸರಿಗೆ ತೋರಿತ್ತು. ಅದನ್ನು ಆಕೆಗೆ ತಿಳಿಯಹೇಳಲು ಅವರು ಎಷ್ಟು ಶ್ರಮಿಸಿದರೂ ಫಲವಾಗಲಿಲ್ಲ. ಕೊನೆಗೆ ಇಬ್ಬರೂ ಪ್ರಯತ್ನವನ್ನು ಕೈಬಿಡಲು ಒಪ್ಪಿದರು. ಬಾಗಿಲವರೆಗೆ ನಡೆದ ಆಕೆ ಹಿಂದಿರುಗಿ ನೋಡಿ, ಇಲ್ಲಿ ದೊಡ್ಡವರಿಗೂ ಸಲಹೆ ದೊರೆಯುವುದೇ ಎಂದು ಕೇಳಿದಳು. ಮರಳಿ ಕುಳಿತು ತನ್ನ ದಾಂಪತ್ಯದ ಸಂಕಟಗಳನ್ನೆಲ್ಲ ತೋಡಿಕೊಂಡಳು. ನಿಜವಾದ ಚಿಕಿತ್ಸೆ ಆರಂಭವಾದುದು ಆಗ. ಅದರಿಂದ ಕೊನೆಗೆ ಮಗನಿಗೂ ಹಿತವಾಯಿತು. ನೋವು ಎಲ್ಲಿದೆ, ಯಾವ ದಾರಿಯಲ್ಲಿ ಸಾಗಬೇಕು ಎಂಬುದನ್ನು ಬಲ್ಲವನು ನೋವುಂಡವನೇ ಎಂಬ ಅರಿವು ರಾಜರ್ಸರಲ್ಲಿ ಬೇರೂರಿದುದು ಇಂತಹ ಅನುಭವಗಳಿಂದ.

ಆದುದರಿಂದಲೇ ಅವರು ‘ರೋಗಿ’ ಎಂಬ ಪದವನ್ನು ಬಿಟ್ಟು ‘ಕ್ಲಯಂಟ್’ ಎಂಬ ಪದವನ್ನು ಬಳಸಿದರು. ವಕೀಲರ ಬಳಿಗೆ ಹೋಗುವವನನ್ನು ನಾವು ಕಕ್ಷಿಗಾರನೆನ್ನುತ್ತೇವಷ್ಟೆ. ಸಲಹೆ ಕೇಳಿದ ಮಾತ್ರಕ್ಕೆ ಅವನು ತನ್ನ ವ್ಯವಹಾರದ ಒಡೆತನವನ್ನು ಬಿಟ್ಟುಕೊಡುವುದಿಲ್ಲ. ಮನಸ್ಸಿನ ವಿಷಯದಲ್ಲಿಯೂ ಹಾಗೆಯೇ ಇರಬೇಕೆಂಬುದು ಅವರ ಆಶಯ. ಸಹಾಯ ಮಾಡುವವನಲ್ಲಿ ಮುಖ್ಯವಾಗಿ ಮೂರು ಗುಣಗಳಿರಬೇಕೆಂದು ಅವರು ಹೇಳಿದರು. ಮೊದಲನೆಯದು, ಇನ್ನೊಬ್ಬನ ಲೋಕವನ್ನು ಅವನ ಕಣ್ಣಿನಿಂದಲೇ ಕಾಣುವ ಶಕ್ತಿ. ಎರಡನೆಯದು, ಯಾವ ಕರಾರನ್ನೂ ಹಾಕದ ಆದರ. ಮೂರನೆಯದು, ಒಳಗು ಹೊರಗುಗಳ ಏಕತೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ನಮ್ಮ ಗಾದೆ ಯಾವುದನ್ನು ಹಾಸ್ಯ ಮಾಡುತ್ತದೆಯೋ ಅದಕ್ಕೆ ನೇರ ವಿರುದ್ಧವಾದ ಗುಣ. 1957ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ ಅವರು ಇವೂ ಸೇರಿದಂತೆ ಆರು ನಿಬಂಧನೆಗಳನ್ನು ಎಣಿಸಿ, ವ್ಯಕ್ತಿಯಲ್ಲಿ ಮಾರ್ಪಾಡಾಗಲು ಇವು ಅವಶ್ಯವೂ ಹೌದು, ಸಾಕಾದವೂ ಹೌದು ಎಂದು ಸಾರಿದರು.

ಇದು ಧೈರ್ಯದ ಮಾತು. ಆದರೆ ಅದನ್ನು ಪರೀಕ್ಷಿಸುವ ದಾರಿಯನ್ನು ಅವರು ಮೊದಲೇ ತೆರೆದಿಟ್ಟಿದ್ದರೆಂಬುದನ್ನು ಗಮನಿಸಬೇಕು. ಅಲ್ಲಿಯವರೆಗೆ ಚಿಕಿತ್ಸೆಯ ಕೋಣೆಯಲ್ಲಿ ನಡೆದುದಕ್ಕೆ ಚಿಕಿತ್ಸಕನ ನೆನಪೇ ಸಾಕ್ಷಿಯಾಗಿತ್ತು. ರಾಜರ್ಸರು ಮಾತುಕತೆಯನ್ನು ಧ್ವನಿಮುದ್ರಿಸಿ, 1942ರ ತಮ್ಮ ಗ್ರಂಥದಲ್ಲಿ ಒಬ್ಬ ವ್ಯಕ್ತಿಯ ಎಂಟು ಭೇಟಿಗಳ ಸಂಭಾಷಣೆಯನ್ನು, ಆತನ ಹೆಸರನ್ನು ಮರೆಮಾಡಿ, ಪೂರ್ಣವಾಗಿ ಅಚ್ಚು ಹಾಕಿಸಿದರು. ತಮ್ಮ ಮಾತುಗಳನ್ನು ಇತರರು ಅಳೆದು ತೂಗಿ ತಪ್ಪು ಹಿಡಿಯಲು ಅವಕಾಶ ಕೊಡುವವನೇ ವಿಜ್ಞಾನಿ.

ಅಳೆದು ತೂಗಿದವರೂ ಇದ್ದರು. ರಾಜರ್ಸರ ಸಹೋದ್ಯೋಗಿಯಾಗಿದ್ದ ಚಾರ್ಲ್ಸ್ ಟ್ರುವಾಕ್ಸ್ ಎಂಬವರು ಅವರದೇ ಧ್ವನಿಮುದ್ರಿಕೆಗಳನ್ನು ವಿಶ್ಲೇಷಿಸಿ 1966ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸಹಾಯಾರ್ಥಿಯ ಕೆಲವು ಬಗೆಯ ಮಾತುಗಳಿಗೆ ರಾಜರ್ಸರು ಹೆಚ್ಚು ಆದರದಿಂದ ಪ್ರತಿಕ್ರಿಯಿಸಿದ್ದರು. ಅಂತಹ ಮಾತುಗಳಲ್ಲಿ ಹಲವು ಕ್ರಮೇಣ ಹೆಚ್ಚಿದ್ದುವು. ಅಂದರೆ, ಕರಾರಿಲ್ಲದ ಆದರದ ಒಳಗೆ ಸ್ಕಿನ್ನರರ ‘ಬಹುಮಾನ’ವೂ ಅಡಗಿತ್ತು! 1967ರಲ್ಲಿ ವಿಸ್ಕಾನ್ಸಿನ್‌ನ ಅಧ್ಯಯನ ಹೊರಬಂದಿತು. ಸ್ಕಿಜೋಫ್ರೇನಿಯಾದಂತಹ ತೀವ್ರ ರೋಗದಿಂದ ನರಳುವವರಲ್ಲಿ ಈ ಚಿಕಿತ್ಸೆಯಿಂದ ನಿರೀಕ್ಷಿಸಿದಷ್ಟು ಫಲ ಒಟ್ಟಿನಲ್ಲಿ ಕಂಡುಬರಲಿಲ್ಲ. ‘ಸಾಕು’ ಎಂಬ ಮಾತು ಇಲ್ಲಿ ಸಡಿಲಗೊಂಡಿತು.

ಹಾಗಾದರೆ ಎಲ್ಲವೂ ಸುಳ್ಳೇ? ಅದೂ ಅಲ್ಲ. 2018ರಲ್ಲಿ ಸಂಶೋಧಕರು 295 ಅಧ್ಯಯನಗಳನ್ನು ಒಟ್ಟುಗೂಡಿಸಿ, ಚಿಕಿತ್ಸಕನಿಗೂ ಸಹಾಯಾರ್ಥಿಗೂ ನಡುವಣ ಬಾಂಧವ್ಯಕ್ಕೂ ಚಿಕಿತ್ಸೆಯ ಫಲಕ್ಕೂ ಇರುವ ಸಂಬಂಧವನ್ನು ಲೆಕ್ಕ ಹಾಕಿದರು. ಸಹಸಂಬಂಧದ ಗುಣಾಂಕ ಸುಮಾರು 0.28 ಎಂದು ಬಂದಿತು. ಇದರ ವರ್ಗವನ್ನು ತೆಗೆದುಕೊಂಡರೆ, ಫಲದಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಕಾಣುವ ವ್ಯತ್ಯಾಸದ ಸುಮಾರು ಶೇಕಡ 8 ಭಾಗವು ಬಾಂಧವ್ಯದೊಡನೆ ಹೊಂದಿಕೊಂಡಿದೆಯೆಂದಾಯಿತು. ಅಲ್ಪವೆನ್ನುವಂತಿಲ್ಲ, ಸರ್ವಸ್ವವೆನ್ನುವಂತೆಯೂ ಇಲ್ಲ. ಸಹಸಂಬಂಧವೇ ಕಾರಣವಲ್ಲ ಎಂಬ ಎಚ್ಚರವೂ ಬೇಕು. ಗುಣ ಕಾಣತೊಡಗಿದವನಿಗೆ ಚಿಕಿತ್ಸಕನಲ್ಲಿ ವಿಶ್ವಾಸ ಹೆಚ್ಚುವುದೂ ಸಹಜವೇ.

ಇನ್ನೊಂದು ವಿಚಿತ್ರ ಪರೀಕ್ಷೆ ಕಂಪ್ಯೂಟರಿನಿಂದ ಒದಗಿತು. 1966ರಲ್ಲಿ ಮ್ಯಾಸಚೂಸೆಟ್ಸ್ ತಂತ್ರವಿದ್ಯಾ ಸಂಸ್ಥೆಯ ಜೋಸೆಫ್ ವೈಝನ್‌ಬಾಮ್ ಅವರು ‘ಎಲೈಜಾ’ ಎಂಬ ಪ್ರೋಗ್ರಾಮನ್ನು ಪ್ರಕಟಿಸಿದರು. ರಾಜರ್ಸರ ಶೈಲಿಯ ಚಿಕಿತ್ಸಕನನ್ನು ಅಣಕಿಸುವಂತೆ, ನಾವು ಬೆರಳಚ್ಚಿಸಿದ ವಾಕ್ಯವನ್ನೇ ಅದು ತಿರುಗಿಸಿ ಪ್ರಶ್ನೆಯಾಗಿ ಕೇಳುತ್ತಿತ್ತು. ಅದಕ್ಕೆ ಯಾವ ಮಾತಿನ ಅರ್ಥವೂ ತಿಳಿಯದು. ಆದರೂ, ಅದು ಸಿದ್ಧವಾಗುವುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ, ಅದರೊಡನೆ ನಾಲ್ಕು ಮಾತಾಡಿದ ಮೇಲೆ, ಕೋಣೆಯಿಂದ ಹೊರಗೆ ಹೋಗುವಿರಾ ಎಂದು ಅವರನ್ನು ಕೇಳಿದಳಂತೆ! ವೈಝನ್‌ಬಾಮ್ ಬೆರಗಾದರು, ಮುಂದೆ ಇಂತಹ ಯಂತ್ರಗಳ ಕಟುವಿಮರ್ಶಕರೇ ಆದರು. ಇಂದು ಅದಕ್ಕಿಂತ ಎಷ್ಟೋ ಚತುರವಾದ ಯಂತ್ರಗಳು ನಮ್ಮ ಅಂಗೈಯಲ್ಲಿಯೇ ಇವೆ; ಮನಸ್ಸಿನ ಗುಟ್ಟನ್ನು ಅವುಗಳಿಗೆ ಹೇಳಿಕೊಳ್ಳುವ ತರುಣರೂ ಇದ್ದಾರೆ. ಕಿವಿಗಾಗಿ ಮನುಷ್ಯನು ಎಷ್ಟು ಹಸಿದಿದ್ದಾನೆಂಬುದನ್ನು ಇದು ತೋರಿಸುತ್ತದೆಯೇ ಹೊರತು, ಪ್ರತಿಧ್ವನಿಯೇ ಚಿಕಿತ್ಸೆ ಎಂಬುದನ್ನು ಸಿದ್ಧಪಡಿಸುವುದಿಲ್ಲ. ಹೇಳಿದ ಮಾತನ್ನೇ ಮರಳಿ ನುಡಿಯುವ ತಂತ್ರವನ್ನು ಯಂತ್ರವೂ ಕಲಿಯಬಲ್ಲದು. ಒಳಗು ಹೊರಗು ಒಂದಾಗಿರಬೇಕೆಂಬ ನಿಬಂಧನೆಯನ್ನು ಪೂರೈಸಲು ಮೊದಲು ಒಳಗೊಂದು ಇರಬೇಕಷ್ಟೆ.

ನಮ್ಮ ತೀರ್ಮಾನವಿಷ್ಟು. ಬಾಂಧವ್ಯವು ಬಹುಮಟ್ಟಿಗೆ ಅವಶ್ಯ. ಆದರೆ ಎಲ್ಲರಿಗೂ ಎಲ್ಲ ಕಾಲಕ್ಕೂ ಅದೊಂದೇ ಸಾಲದು. ತೀವ್ರ ರೋಗಕ್ಕೆ ಔಷಧ ಬೇಕು. ಬಡತನದಿಂದ ಬಂದ ಚಿಂತೆಗೆ ಆದಾಯ ಬೇಕು. ಹೀಗೆಂದ ಮಾತ್ರಕ್ಕೆ ರಾಜರ್ಸರು ಸೋತರೆಂದು ಭಾವಿಸಬಾರದು. ತನ್ನ ಎಲ್ಲೆಯನ್ನು ತೋರಿಸಿಕೊಡುವ ಸಿದ್ಧಾಂತವೇ ನಂಬಿಕೆಗೆ ಹೆಚ್ಚು ಅರ್ಹವಾದುದು.

ಇದರಿಂದ ವಿದ್ಯಾರ್ಥಿಗಳಿಗೆ ಏನು ಪ್ರಯೋಜನ? ನಮ್ಮಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಹುಡುಗನ ಸುತ್ತ ಬುದ್ಧಿ ಹೇಳುವವರು ಹತ್ತು ಮಂದಿ ಸೇರುತ್ತಾರೆ. ಅವನ ಮಾತನ್ನು ಕೇಳುವವನು ಒಬ್ಬನೂ ಇರುವುದಿಲ್ಲ. ಆ ಒಬ್ಬನಾಗಲು ಪದವಿಯೇನೂ ಬೇಕಿಲ್ಲ. ಆದರೆ ಗೆಳೆಯನು ಬದುಕೇ ಬೇಡವೆಂದಾಗ, ಕೇಳಿದೆನೆಂಬ ತೃಪ್ತಿಯಿಂದ ಸುಮ್ಮನೆ ಕೂಡಬಾರದು. ಕೂಡಲೇ ಹಿರಿಯರಿಗೆ ತಿಳಿಸಬೇಕು, ವೈದ್ಯರಲ್ಲಿಗೆ ಕರೆದೊಯ್ಯಬೇಕು. ಸರ್ಕಾರವು 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಎಂಬ ದೂರವಾಣಿ ಸೇವೆ 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ಗೆಳೆಯನ ಮಾತಿಗೆ ಮನಸ್ಸಿಟ್ಟು ಕಿವಿಗೊಡುವುದೂ, ಅದು ಎಲ್ಲಿ ಸಾಲದೆಂಬುದನ್ನು ಅರಿತು ನೆರವು ತರುವುದೂ ಎರಡೂ ನಮ್ಮ ಕರ್ತವ್ಯಗಳೇ.